ಅಲ್ಲಾಪಟ್ಟಣದ ಕಲ್ಲು ಮತ್ತು ಪರಮಾಣುವಿನ ಕಥೆ



ಶ್ರೀರಂಗಪಟ್ಟಣಕ್ಕೆ ಸಮೀಪದಲ್ಲಿ ಅಲ್ಲಾಪಟ್ಟಣ, ಮರಳಗಾಲ ಎಂಬ ಹಳ್ಳಿಗಳಿವೆ. ಅಲ್ಲಿಯ ನೆಲದಲ್ಲಿ ಬಹು ಪುರಾತನವಾದ ಶಿಲೆಗಳನ್ನು ಸೀಳಿಕೊಂಡು, ದಪ್ಪ ಹರಳುಗಳಿಂದ ಕೂಡಿದ ತಿಳಿಬಣ್ಣದ ಕಲ್ಲಿನ ಪಟ್ಟೆಗಳು ಹಾದುಹೋಗಿವೆ. ಭೂಗರ್ಭಶಾಸ್ತ್ರಜ್ಞರು ಈ ಕಲ್ಲನ್ನು ಪೆಗ್ಮಟೈಟ್ ಎಂದು ಕರೆಯುತ್ತಾರೆ. ಅದು ನುಗ್ಗಿ ಬಂದಿರುವ ಹಳೆಯ ಶಿಲಾಪಟ್ಟಿಗೆ ನಾಗಮಂಗಲದ ಹೆಸರೇ ಸಂದಿದೆ. ಆ ಪಟ್ಟಿಯ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನವು. ಅಣುಶಕ್ತಿ ಇಲಾಖೆಗೆ ಸೇರಿದ ಪರಮಾಣು ಖನಿಜಗಳ ನಿರ್ದೇಶನಾಲಯದವರು ಇಲ್ಲಿ ಶೋಧನೆ ನಡೆಸಿದರು. ಸ್ಪಾಡ್ಯುಮೀನ್ ಎಂಬ ಖನಿಜವೂ ಅದರೊಳಗೆ ಲಿಥಿಯಂ ಎಂಬ ಮೂಲವಸ್ತುವೂ ಅಲ್ಲಿ ಇರುವುದು ಕಂಡುಬಂದಿತು. ೨೦೨೦ರಲ್ಲಿ ಈ ಲಿಥಿಯಮ್ಮಿನ ಪ್ರಮಾಣ ಸುಮಾರು ೧೪,೧೦೦ ಟನ್ನು ಎಂಬ ಅಂದಾಜು ವೃತ್ತಪತ್ರಿಕೆಗಳಲ್ಲಿ ಪ್ರಕಟವಾಯಿತು. ಮರುವರ್ಷ, ೨೦೨೧ರಲ್ಲಿ, ಸರ್ಕಾರವು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಇದ್ದ ಸಂಖ್ಯೆ ೧,೬೦೦ ಟನ್ನು; ಅದೂ ಖಚಿತವಾಗಿ ಅಳೆದುದಲ್ಲ, ಊಹಿಸಿದ ದರ್ಜೆಯದು.

ಹದಿನಾಲ್ಕು ಸಾವಿರ ಎಂದದ್ದು ಒಂದು ವರ್ಷದೊಳಗೆ ಸಾವಿರದ ಆರುನೂರಾಯಿತಲ್ಲ ಎಂದು ನಗುವವರು ನಗಬಹುದು. ನಾನು ಈ ಹೊತ್ತು ಹೇಳಬೇಕೆಂದಿರುವುದು ಬೇರೆ. ಪರಮಾಣುವಿನ ವಿಷಯದಲ್ಲಿ ಮನುಷ್ಯನು ಇಂದು ಬಲ್ಲುದೆಲ್ಲವೂ ಇಂತಹ ತಿದ್ದುಪಡಿಗಳ ದಾರಿಯಲ್ಲಿಯೇ ಬಂದುದು. ಲೆಕ್ಕ ಸರಿಹೋಗದಾಗ ಅದನ್ನು ಮುಚ್ಚಿಡದೆ ಮತ್ತೆ ತೂಗಿ ನೋಡಿದವರಿಂದ ಈ ಶಾಸ್ತ್ರ ಬೆಳೆಯಿತು. ಸಾಕಷ್ಟು ತಿಳಿದಿದೆಯೆಂದು ಭಾವಿಸಿ ಮುಂದುವರಿದವರಿಂದ ಅನರ್ಥವೂ ಆಯಿತು. ಈ ಎರಡಕ್ಕೂ ಅಲ್ಲಾಪಟ್ಟಣದ ಕಲ್ಲಿನಲ್ಲಿರುವ ಲಿಥಿಯಮ್ಮೇ ಸಾಕ್ಷಿ. ಆದುದರಿಂದ ಪರಮಾಣುವಿನ ದೀರ್ಘವಾದ ಕಥೆಯನ್ನು ಈ ಒಂದು ಮೂಲವಸ್ತುವಿನ ಬೆನ್ನು ಹಿಡಿದು ಹೇಳುತ್ತೇನೆ.

ಮೊದಲು ನಮ್ಮ ಹಿಂದಿನವರ ವಿಚಾರ. ವಸ್ತುವನ್ನು ಒಡೆಯುತ್ತ ಹೋದರೆ ಕೊನೆಗೆ ಉಳಿಯುವುದೇನು ಎಂಬ ಪ್ರಶ್ನೆ ಗ್ರೀಸಿನಲ್ಲಿ ಡೆಮಾಕ್ರಿಟಸನಿಗೆ ಹೊಳೆದಂತೆ ನಮ್ಮ ದೇಶದಲ್ಲಿ ಕಣಾದನ ಸಂಪ್ರದಾಯದವರಿಗೂ ಹೊಳೆಯಿತು. ವೈಶೇಷಿಕರು ಒಡೆಯಲಾಗದ ಕೊನೆಯ ಕಣಕ್ಕೆ ಪರಮಾಣುವೆಂದರು. ಎರಡು ಸೇರಿದರೆ ದ್ವ್ಯಣುಕ. ಅಂತಹ ಮೂರು ಸೇರಿದರೆ ತ್ರ್ಯಣುಕ. ಗವಾಕ್ಷಿಯಿಂದ ಬರುವ ಬಿಸಿಲಿನಲ್ಲಿ ತೇಲಾಡುವ ಧೂಳಿಯ ಕಣವೇ ಅವರ ತ್ರ್ಯಣುಕ. ಪೃಥಿವಿ, ಅಪ್ಪು, ತೇಜಸ್ಸು, ವಾಯುಗಳಿಗೆ ಬೇರೆ ಬೇರೆ ಜಾತಿಯ ಪರಮಾಣುಗಳೆಂಬುದು ಅವರ ಮತ.

ಈ ವಾದವು ನಮ್ಮ ಸೀಮೆಗೆ ದೂರದ್ದಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ. ಅಂತಹ ಬಸದಿಗಳನ್ನು ಆಶ್ರಯಿಸಿ ಬೆಳೆದ ಜೈನಶಾಸ್ತ್ರದಲ್ಲಿ ಪುದ್ಗಲದ ಪರಮಾಣುವಿಗೆ ಒಂದು ರಸ, ಒಂದು ಗಂಧ, ಒಂದು ವರ್ಣ, ಎರಡು ಸ್ಪರ್ಶ ಎಂದು ಲಕ್ಷಣ ಹೇಳಿದೆ. ಸ್ನಿಗ್ಧತೆ ರೂಕ್ಷತೆಗಳಿಂದ ಅವು ಒಂದನ್ನೊಂದು ಕೂಡುತ್ತವೆಂದೂ ಇದೆ. ಅಲ್ಲಿಂದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೆಚ್ಚು ದೂರವಿಲ್ಲ. ಅಲ್ಲಿ ಹಲವು ವರ್ಷ ನೆಲಸಿದ್ದ ಶ್ರೀರಾಮಾನುಜಾಚಾರ್ಯರು ತಮ್ಮ ಶ್ರೀಭಾಷ್ಯದಲ್ಲಿ ಪರಮಾಣುಕಾರಣವಾದವನ್ನು ಖಂಡಿಸಿದ್ದಾರೆ. ಅವರ ಆಕ್ಷೇಪಣೆ ಬಹಳ ಮೊನೆಯಾದುದು. ನೂಲೆಳೆಗಳು ಕೂಡಿ ಬಟ್ಟೆಯಾಗುವುದು ಅವುಗಳಿಗೆ ಪಕ್ಕಗಳಿರುವುದರಿಂದ. ಪರಮಾಣುವಿಗೆ ಭಾಗಗಳೇ ಇಲ್ಲವೆಂದ ಮೇಲೆ ಅದಕ್ಕೆ ಪಕ್ಕವೆಲ್ಲಿ? ಪಕ್ಕವಿಲ್ಲದುವು ಸಾವಿರ ಸೇರಿದರೂ ಒಂದರ ಗಾತ್ರವೇ ಆಗಬೇಕಷ್ಟೆ, ಎಂಬುದು ಅದರ ಸಾರ.

ಈ ವಾದಪ್ರತಿವಾದಗಳ ಬುದ್ಧಿಸೂಕ್ಷ್ಮತೆಗೆ ನಾವು ತಲೆಬಾಗಬೇಕು. ಆದರೆ ಸ್ನಿಗ್ಧರೂಕ್ಷಗಳೇ ಇಂದಿನ ಧನವಿದ್ಯುತ್ತು ಋಣವಿದ್ಯುತ್ತುಗಳೆಂದು ಹೇಳಹೊರಟರೆ ಆ ಆಚಾರ್ಯರಿಗೂ ನ್ಯಾಯವಾಗದು, ಇಂದಿನ ಶಾಸ್ತ್ರಕ್ಕೂ ನ್ಯಾಯವಾಗದು. ಅವರು ಕೇಳುತ್ತಿದ್ದುದು ಜಗತ್ತಿಗೆ ಮೂಲಕಾರಣ ಯಾವುದೆಂಬ ಪ್ರಶ್ನೆಯನ್ನು. ಇಬ್ಬರಲ್ಲಿ ಯಾರು ಸರಿಯೆಂದು ತೀರ್ಮಾನಿಸಲು ತರ್ಕವೊಂದೇ ಅವರ ಕೈಯಲ್ಲಿತ್ತು, ತಕ್ಕಡಿ ಇರಲಿಲ್ಲ. ತಕ್ಕಡಿ ಬಂದ ದಿನದಿಂದ ಕಥೆ ಬೇರೆ ದಾರಿ ಹಿಡಿಯಿತು.

ಆ ತಕ್ಕಡಿಯನ್ನು ಪರಮಾಣುವಾದಕ್ಕೆ ತಂದವನು ಇಂಗ್ಲೆಂಡಿನ ಜಾನ್ ಡಾಲ್ಟನ್. ೧೮೦೩ರಿಂದ ೧೮೦೮ರವರೆಗೆ ಅವನು ರೂಪಿಸಿದ ಸಿದ್ಧಾಂತವನ್ನು ಹೀಗೆ ಹೇಳಬಹುದು: ಒಂದೊಂದು ಮೂಲವಸ್ತುವಿನ ಪರಮಾಣುಗಳಿಗೂ ಒಂದೊಂದು ನಿಯತವಾದ ತೂಕವುಂಟು, ಬೇರೆ ಬೇರೆ ಮೂಲವಸ್ತುಗಳ ಪರಮಾಣುಗಳು ಒಂದಕ್ಕೆ ಒಂದು, ಒಂದಕ್ಕೆ ಎರಡು, ಹೀಗೆ ಪೂರ್ಣಸಂಖ್ಯೆಗಳಲ್ಲಿಯೇ ಕೂಡುತ್ತವೆ. ಅಲ್ಲಾಪಟ್ಟಣದ ಸ್ಪಾಡ್ಯುಮೀನನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಂದು ಲಿಥಿಯಂ ಪರಮಾಣುವಿಗೆ ಒಂದು ಅಲ್ಯುಮಿನಿಯಂ, ಎರಡು ಸಿಲಿಕಾನ್, ಆರು ಆಕ್ಸಿಜನ್ ಪರಮಾಣುಗಳಿವೆ. ಶುದ್ಧವಾದ ಸ್ಪಾಡ್ಯುಮೀನು ಸ್ವೀಡನ್ನಿನದಾದರೂ ಮಂಡ್ಯ ಜಿಲ್ಲೆಯದಾದರೂ ಈ ಲೆಕ್ಕ ತಪ್ಪದು. ನೂರು ಸೇರು ಖನಿಜದಲ್ಲಿ ಲಿಥಿಯಮ್ಮಿನ ತೂಕ ನಾಲ್ಕು ಸೇರಿಗೂ ಸ್ವಲ್ಪ ಕಡಮೆ.

ಲಿಥಿಯಂ ಬೆಳಕಿಗೆ ಬಂದುದು ೧೮೧೭ರಲ್ಲಿ. ಸ್ವೀಡನ್ನಿನ ಬರ್ಜೀಲಿಯಸ್ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಆರ್ಫ್ವೆಡ್ಸನ್ ಎಂಬ ತರುಣನು ಊಟೋ ದ್ವೀಪದಿಂದ ಬಂದ ಪೆಟಲೈಟ್ ಎಂಬ ಕಲ್ಲನ್ನು ಬಿಡಿಸಿ ಅದರ ಅಂಶಗಳನ್ನು ತೂಗುತ್ತಿದ್ದನು. ತಿಳಿದಿದ್ದ ಕ್ಷಾರಗಳನ್ನಿಟ್ಟು ಎಷ್ಟು ಸಲ ಕೂಡಿದರೂ ಲೆಕ್ಕ ಸರಿಹೋಗಲಿಲ್ಲ. ಕೈತಪ್ಪಿನಿಂದ ಆಯಿತೆಂದು ಅದನ್ನು ಬದಿಗೊತ್ತುವುದು ಸುಲಭವಾಗಿತ್ತು. ಅವನು ಹಾಗೆ ಮಾಡಲಿಲ್ಲ. ಈ ಕಲ್ಲಿನಲ್ಲಿ ಇದುವರೆಗೂ ಯಾರೂ ಕಾಣದ ಹೊಸ ಕ್ಷಾರವೊಂದಿದೆಯೆಂದು ನಿಶ್ಚಯಿಸಿದನು. ಕಲ್ಲಿನಲ್ಲಿ ದೊರೆತುದರಿಂದ, ಕಲ್ಲೆಂಬ ಅರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಹೆಸರಾಯಿತು. ಸ್ವಲ್ಪ ಕಾಲದಲ್ಲಿಯೇ ಸ್ಪಾಡ್ಯುಮೀನಿನಲ್ಲಿಯೂ ಅದು ಸಿಕ್ಕಿತು. ಲೋಹರೂಪದಲ್ಲಿ ಕೈಗೆ ಸಾಕಷ್ಟು ಬಂದುದು ೧೮೫೫ರಲ್ಲಿ. ಲೋಹಗಳಲ್ಲೆಲ್ಲ ಹಗುರವಾದುದು ಇದು. ಸೀಮೆ ಎಣ್ಣೆಯ ಮೇಲೂ ತೇಲುತ್ತದೆ.

ಪರಮಾಣುಗಳಿಗೆ ತೂಕ ಗೊತ್ತಾದ ಮೇಲೆ ಅವುಗಳ ಕುಟುಂಬಗಳೂ ಕಾಣತೊಡಗಿದವು. ಲಿಥಿಯಮ್ಮಿನ ತೂಕ ಸುಮಾರು ೭, ಸೋಡಿಯಮ್ಮಿನದು ೨೩, ಪೊಟ್ಯಾಸಿಯಮ್ಮಿನದು ೩೯. ಮೂರೂ ಗುಣದಲ್ಲಿ ಅಣ್ಣತಮ್ಮಂದಿರು. ೭ನ್ನೂ ೩೯ನ್ನೂ ಕೂಡಿಸಿ ಅರ್ಧಮಾಡಿದರೆ ೨೩! ಜರ್ಮನಿಯ ಡೋಬರೈನರನು ೧೮೨೯ರಲ್ಲಿ ಇಂತಹ ತ್ರಯಗಳನ್ನು ಎತ್ತಿ ತೋರಿಸಿದನು. ೧೮೬೫ರಲ್ಲಿ ಲಂಡನ್ನಿನ ನ್ಯೂಲೆಂಡ್ಸನು ಮೂಲವಸ್ತುಗಳನ್ನು ತೂಕದ ಕ್ರಮದಲ್ಲಿ ಜೋಡಿಸಿ, ಷಡ್ಜದಿಂದ ಹೊರಟು ಏಳು ಸ್ವರ ದಾಟಿದರೆ ತಾರಷಡ್ಜ ಬರುವಂತೆ ಲಿಥಿಯಮ್ಮಿನಿಂದ ಎಂಟನೆಯದು ಸೋಡಿಯಂ, ಅದರಿಂದ ಎಂಟನೆಯದು ಪೊಟ್ಯಾಸಿಯಂ ಎಂದಾಗ ವಿದ್ವಾಂಸರು ಅವನನ್ನು ಹಾಸ್ಯಮಾಡಿದರು. ಅವನ ಸ್ವರಮಾಲೆ ಭಾರವಾದ ಮೂಲವಸ್ತುಗಳಲ್ಲಿ ಅಪಸ್ವರವಾದುದೂ ನಿಜ. ೧೮೬೯ರಲ್ಲಿ ರಷ್ಯದ ಮೆಂಡಲೀಫನು ಅದೇ ಜಾಡಿನಲ್ಲಿ ನಡೆದು, ಹೊಂದದ ಕಡೆ ಮನೆಗಳನ್ನು ಖಾಲಿ ಬಿಟ್ಟು, ಮುಂದೆ ಸಿಕ್ಕುವ ಮೂಲವಸ್ತುಗಳಿಗಾಗಿ ಅವು ಕಾದಿವೆ ಎಂದನು. ಅವನ ಜೀವಿತಕಾಲದಲ್ಲಿಯೇ ಅಂತಹ ಕೆಲವು ಮನೆಗಳು ತುಂಬಿದವು.

ಇಷ್ಟಾದರೂ ಪರಮಾಣುವನ್ನು ಕಂಡವರಾರು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಮಾಖ್, ಆಸ್ಟ್‌ವಾಲ್ಡ್ ಮೊದಲಾದ ಗಣ್ಯರು ಪರಮಾಣುವು ಲೆಕ್ಕಕ್ಕೆ ಅನುಕೂಲವಾದ ಒಂದು ಕಲ್ಪನೆಯೇ ಹೊರತು ಇರುವ ವಸ್ತುವಲ್ಲವೆಂದು ವಾದಿಸುತ್ತಿದ್ದರು. ನೀರಿನಲ್ಲಿ ತೇಲುವ ಅತಿಸಣ್ಣ ಕಣಗಳು ಸೂಕ್ಷ್ಮದರ್ಶಕದಲ್ಲಿ ಸದಾ ಚಡಪಡಿಸುತ್ತಿರುವುದು ಬಹುದಿನಗಳಿಂದ ತಿಳಿದಿತ್ತು. ನೀರಿನ ಅಣುಗಳು ಬಡಿಯುವುದರಿಂದ ಅವು ಹಾಗೆ ಅಲುಗುತ್ತವೆಂದು ೧೯೦೫ರಲ್ಲಿ ಐನ್‌ಸ್ಟೀನನು ಗಣಿತದಿಂದ ತೋರಿಸಿದನು. ೧೯೦೮ರಿಂದ ಪ್ಯಾರಿಸಿನ ಪೆರಾನ್ ಆ ಚಲನೆಯನ್ನು ಅಳೆದು ಅಣುಗಳನ್ನು ಎಣಿಸಿಯೇ ಬಿಟ್ಟನು. ಆಸ್ಟ್‌ವಾಲ್ಡನು ತನ್ನ ಮತವನ್ನು ಬಿಟ್ಟು ಪರಮಾಣುವಿದೆಯೆಂದು ಒಪ್ಪಿಕೊಂಡನು. ವಿದ್ವಾಂಸನಿಗೆ ಇದಕ್ಕಿಂತ ಭೂಷಣವಾದ ಸೋಲು ಅಪರೂಪ. ಒಂದು ಗ್ರಾಂ ಲಿಥಿಯಮ್ಮಿನಲ್ಲಿರುವ ಪರಮಾಣುಗಳ ಸಂಖ್ಯೆ ಎಷ್ಟೆಂದರೆ, ೮೭ ಎಂದು ಬರೆದು ಮುಂದೆ ೨೧ ಸೊನ್ನೆಗಳನ್ನು ಹಾಕಬೇಕು.

ಮುಂದೆ ಎಕ್ಸ್ ಕಿರಣಗಳ ನೆರವಿನಿಂದ ಕಲ್ಲುಗಳೊಳಗೆ ಪರಮಾಣುಗಳು ನಿಂತಿರುವ ಸಾಲುಗಳನ್ನೂ ಗುರುತಿಸುವುದಕ್ಕಾಯಿತು. ೧೯೧೨ರಲ್ಲಿ ಜರ್ಮನಿಯ ಲೌಯೆ, ಮರುವರ್ಷ ಇಂಗ್ಲೆಂಡಿನಲ್ಲಿ ಬ್ರಾಗ್ ತಂದೆಮಕ್ಕಳು ಇದಕ್ಕೆ ದಾರಿ ಮಾಡಿದರು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವನ್ನು ನೋಡಿದವರು ಅಲ್ಲಿಯ ಕೆತ್ತನೆಯ ನಯವನ್ನು ಮರೆಯಲಾರರು. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲು ಉಳಿಗೆ ಮಣಿಯುವುದನ್ನು ಕೈಯ ಅನುಭವದಿಂದ ಬಲ್ಲರು. ಅದು ಏಕೆ ಮಣಿಯುತ್ತದೆಂಬುದು ಮಾತ್ರ ಪರಮಾಣುಗಳ ಜೋಡಣೆ ಕಂಡ ಮೇಲೆ ತಿಳಿಯಿತು. ಆ ಜಾತಿಯ ಖನಿಜಗಳಲ್ಲಿ ಪರಮಾಣುಗಳು ಹಾಳೆಗಳಂತೆ ಪದರಪದರವಾಗಿವೆ. ಹಾಳೆಯೊಳಗಿನ ಹಿಡಿತ ಬಲವಾದುದು, ಹಾಳೆಹಾಳೆಗಳ ನಡುವಣ ಹಿಡಿತ ಸಡಿಲವಾದುದು.

ಇತ್ತ, ಪರಮಾಣು ಇರುವುದು ಖಚಿತವಾಗುತ್ತಿದ್ದ ಕಾಲದಲ್ಲಿಯೇ ಅದು ಒಡೆಯಲಾಗದ್ದೆಂಬ ಹಳೆಯ ಮಾತು ಬಿದ್ದುಹೋಯಿತು. ೧೮೯೭ರಲ್ಲಿ ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನ್ನನು ಎಲ್ಲ ವಸ್ತುಗಳಲ್ಲಿಯೂ ಇರುವ, ಪರಮಾಣುವಿಗಿಂತ ಎಷ್ಟೋ ಹಗುರವಾದ ಎಲೆಕ್ಟ್ರಾನೆಂಬ ಋಣವಿದ್ಯುತ್ಕಣವನ್ನು ಕಂಡುಹಿಡಿದನು. ಉಳಿದ ಧನವಿದ್ಯುತ್ತು ಪರಮಾಣುವಿನ ತುಂಬ ಹರಡಿಕೊಂಡಿದೆಯೆಂದು ಅವನು ಎಣಿಸಿದ್ದನು. ಅವನ ಶಿಷ್ಯನಾದ ರುದರ್‌ಫರ್ಡನ ಮಾರ್ಗದರ್ಶನದಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ೧೯೦೯ರಲ್ಲಿ ತೆಳುವಾದ ಚಿನ್ನದ ರೇಕಿನ ಮೇಲೆ ಆಲ್ಫಾ ಕಣಗಳನ್ನು ಹೊಡೆದು ನೋಡಿದರು. ಬಹುಪಾಲು ಕಣಗಳು ನೇರವಾಗಿ ತೂರಿಹೋದವು. ಸಾವಿರಾರರಲ್ಲಿ ಎಲ್ಲೋ ಒಂದು ಬಂದ ಕಡೆಗೇ ಹಿಂದಿರುಗಿತು. ಗುರುವಿನ ಚಿತ್ರದಲ್ಲಿ ಈ ಒಂದು ಕಣಕ್ಕೆ ಎಡೆಯಿರಲಿಲ್ಲ. ೧೯೧೧ರಲ್ಲಿ ರುದರ್‌ಫರ್ಡನು ಆ ಚಿತ್ರವನ್ನೇ ಬಿಟ್ಟುಕೊಟ್ಟು, ಪರಮಾಣುವಿನ ತೂಕವೆಲ್ಲ ನಡುವಣ ಒಂದು ಕಿರಿದಾದ ಬೀಜದಲ್ಲಿ ಅಡಗಿದೆಯೆಂದು ಸಾರಿದನು. ಲಿಥಿಯಂ ಪರಮಾಣುವನ್ನು ಶ್ರೀರಂಗಪಟ್ಟಣದ ದ್ವೀಪದಷ್ಟು, ಎಂದರೆ ಸುಮಾರು ಐದು ಕಿಲೋಮೀಟರು ಉದ್ದಕ್ಕೆ ಹಿಗ್ಗಿಸಿದೆವೆನ್ನಿ. ಅದರ ಬೀಜವು ಕೋಟೆಯ ನಡುವೆ ಇಟ್ಟ ಒಂದು ಕಿತ್ತಳೆಹಣ್ಣಿನಷ್ಟಾದೀತು. ಅಲ್ಲಾಪಟ್ಟಣದ ಬಂಡೆಯ ಗಟ್ಟಿತನವೆಲ್ಲ ಇಂತಹ ಬಯಲಿನಿಂದ ಆಗಿದೆ!

ಆದರೆ ಬೀಜದ ಸುತ್ತ ತಿರುಗುವ ಎಲೆಕ್ಟ್ರಾನು, ಹಳೆಯ ಭೌತಶಾಸ್ತ್ರದ ನಿಯಮದಂತೆ, ತನ್ನ ಶಕ್ತಿಯನ್ನು ಬೆಳಕಾಗಿ ಕಳೆದುಕೊಂಡು ಕ್ಷಣಮಾತ್ರದಲ್ಲಿ ಬೀಜದೊಳಗೆ ಬೀಳಬೇಕಾಗಿತ್ತು. ಬೀಳುವುದಿಲ್ಲವೇಕೆ? ಇದಕ್ಕೆ ಉತ್ತರ ಬಂದುದು ಬೆಳಕಿನಿಂದಲೇ. ಲಿಥಿಯಮ್ಮಿನ ಲವಣವನ್ನು ಉರಿಯಲ್ಲಿ ಹಿಡಿದರೆ ಉರಿಗೆ ಕಡುಗೆಂಪು ಬಣ್ಣ ಬರುತ್ತದೆ. ೧೮೬೦ರ ಸುಮಾರಿಗೆ ಬುನ್ಸೆನ್ ಮತ್ತು ಕಿರ್ಖಾಫ್ ಎಂಬುವರು ಆ ಬೆಳಕನ್ನು ಪಟ್ಟಕದಿಂದ ಹರಡಿ ನೋಡಿ, ಒಂದೊಂದು ಮೂಲವಸ್ತುವಿಗೂ ಅದರದೇ ಆದ ಬಣ್ಣದ ಗೆರೆಗಳಿವೆಯೆಂದು ಕಂಡಿದ್ದರು. ೧೯೧೩ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರನು, ಎಲೆಕ್ಟ್ರಾನು ಗೊತ್ತಾದ ಕೆಲವು ಮೆಟ್ಟಿಲುಗಳಲ್ಲಿ ಮಾತ್ರ ನಿಲ್ಲಬಲ್ಲದು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವಾಗ ಬಿಡುವ ಬೆಳಕೇ ಈ ಗೆರೆ ಎಂದನು. ಒಂದೇ ಎಲೆಕ್ಟ್ರಾನುಳ್ಳ ಜಲಜನಕದಲ್ಲಿ ಈ ಲೆಕ್ಕ ಅದ್ಭುತವಾಗಿ ಕೂಡಿಬಂತು. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಒಂದನ್ನೇ ಉಳಿಸಿಕೊಂಡ ಲಿಥಿಯಮ್ಮಿಗೂ ಕೂಡಿಬಂತು. ಮೂರೂ ಎಲೆಕ್ಟ್ರಾನುಗಳುಳ್ಳ ಸಾಮಾನ್ಯ ಲಿಥಿಯಮ್ಮಿಗೆ ಬಂದಾಗ ಲೆಕ್ಕ ಎಡವಿತು.

ಈ ಎಡವಟ್ಟಿನಿಂದಲೇ ೧೯೨೫ ಮತ್ತು ೧೯೨೬ರ ಹೊಸ ಶಾಸ್ತ್ರ ಹುಟ್ಟಿತು. ಹೈಸನ್‌ಬರ್ಗ್, ಶ್ರೋಡಿಂಗರ್ ಮೊದಲಾದವರು ಎಲೆಕ್ಟ್ರಾನನ್ನು ಗ್ರಹದಂತೆ ಸುತ್ತುವ ಗುಂಡೆಂದು ಎಣಿಸುವುದನ್ನು ಬಿಟ್ಟರು. ಅದು ಇಲ್ಲಿಯೇ ಇದೆಯೆಂದು ಬೆರಳಿಟ್ಟು ತೋರುವಂತಿಲ್ಲ. ಇಲ್ಲಿರುವ ಸಂಭವ ಇಷ್ಟೆಂದು ಹೇಳಬಹುದು. ಪೌಲಿ ಎಂಬಾತನು ಒಂದು ನೆಲೆಯಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳಿಗೆ ಎಡೆಯಿಲ್ಲವೆಂಬ ನಿಯಮವನ್ನು ಕೊಟ್ಟನು. ಆದುದರಿಂದ ಲಿಥಿಯಮ್ಮಿನ ಮೂರನೆಯ ಎಲೆಕ್ಟ್ರಾನು ಒಳಮನೆಯಲ್ಲಿ ಜಾಗವಿಲ್ಲದೆ ಜಗಲಿಯ ಮೇಲೆ ನಿಂತಿದೆ. ಅದನ್ನು ಹೊರಡಿಸುವುದು ಸುಲಭ. ಸೋಡಿಯಂ, ಪೊಟ್ಯಾಸಿಯಮ್ಮುಗಳ ಜಗಲಿಯ ಮೇಲೂ ಒಂದೊಂದೇ ಎಲೆಕ್ಟ್ರಾನು ಇದೆ. ಡೋಬರೈನರನ ತ್ರಯಕ್ಕೂ ನ್ಯೂಲೆಂಡ್ಸನ ಷಡ್ಜಕ್ಕೂ ಹೀಗೆ ಬಹು ವರ್ಷಗಳ ಮೇಲೆ ಕಾರಣ ತಿಳಿಯಿತು. ಇಂದು ನಮ್ಮ ಕಿಸೆಯ ದೂರವಾಣಿಯೂ ವಿದ್ಯುತ್ ವಾಹನವೂ ನಡೆಯುವುದು ಜಗಲಿಯ ಈ ಎಲೆಕ್ಟ್ರಾನಿನಿಂದಲೇ. ಬ್ಯಾಟರಿಯಲ್ಲಿ ಅದು ತಂತಿಯ ದಾರಿ ಹಿಡಿದು ಕೆಲಸ ಮಾಡುತ್ತದೆ. ಅದನ್ನು ಬಿಟ್ಟ ಲಿಥಿಯಂ ಒಳದಾರಿಯಲ್ಲಿ ನಡೆದು ಆಚೆಯ ದಡದಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ಇಂತಹ ಬ್ಯಾಟರಿಗಳನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ ೨೦೧೯ರ ನೊಬೆಲ್ ಪಾರಿತೋಷಕ ಸಂದಿತು.

ಬೀಜದ ವಿಚಾರ ಇನ್ನೂ ಉಳಿದಿತ್ತು. ಲಿಥಿಯಮ್ಮಿನ ಪರಮಾಣುಭಾರ ಸರಿಯಾಗಿ ೭ ಅಲ್ಲ, ಸುಮಾರು ೬.೯೪. ಈ ಅರೆಕೊರೆ ಎಲ್ಲಿಂದ ಬಂತು? ಒಂದೇ ಮೂಲವಸ್ತುವಿನ ಪರಮಾಣುಗಳೆಲ್ಲ ಒಂದೇ ತೂಕದವೆಂದು ಡಾಲ್ಟನ್ನನು ಹೇಳಿದುದು ತಪ್ಪೆಂದು ೧೯೨೦ರ ಸುಮಾರಿಗೆ ಗೊತ್ತಾಯಿತು. ಲಿಥಿಯಮ್ಮಿನಲ್ಲಿ ೭ರ ತೂಕದವೂ ೬ರ ತೂಕದವೂ ಬೆರೆತಿವೆ. ೭ರವು ನೂರಕ್ಕೆ ತೊಂಬತ್ತೆರಡಕ್ಕೂ ಹೆಚ್ಚು. ೧೯೩೨ರಲ್ಲಿ ಚಾಡ್ವಿಕ್ಕನು ವಿದ್ಯುತ್ತಿಲ್ಲದ ನ್ಯೂಟ್ರಾನನ್ನು ಕಂಡುಹಿಡಿದಾಗ ಭೇದದ ಮೂಲ ಬಯಲಾಯಿತು. ಎರಡರಲ್ಲಿಯೂ ಪ್ರೋಟಾನುಗಳು ಮೂರು. ನ್ಯೂಟ್ರಾನುಗಳು ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು.

ಅದೇ ವರ್ಷ, ಅದೇ ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ, ಏಪ್ರಿಲ್ ೧೪ನೆಯ ದಿನ, ಲಿಥಿಯಂ ಚರಿತ್ರೆಯ ನಡುವೆ ಬಂದು ನಿಂತಿತು. ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಎಂಬ ಇಬ್ಬರು ಕೆಲವು ಲಕ್ಷ ವೋಲ್ಟುಗಳ ಯಂತ್ರವನ್ನು ತಾವೇ ಕಟ್ಟಿ, ಪ್ರೋಟಾನುಗಳನ್ನು ವೇಗಗೊಳಿಸಿ ಲಿಥಿಯಮ್ಮಿನ ಮೇಲೆ ಬಿಟ್ಟರು. ವಾಲ್ಟನ್ನನು ಕತ್ತಲೆಯ ಚಿಕ್ಕ ಗೂಡಿನೊಳಗೆ ತೆವಳಿಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತೆರೆಯ ಮೇಲೆ ಮಿಣುಕು ಮಿಣುಕಾಗಿ ಬೆಳಕಿನ ಚುಕ್ಕೆಗಳು ಕಂಡವು. ಲಿಥಿಯಂ ಬೀಜವು ಪ್ರೋಟಾನನ್ನು ನುಂಗಿ ಎರಡು ಹೀಲಿಯಂ ಬೀಜಗಳಾಗಿ ಒಡೆದಿತ್ತು. ಮನುಷ್ಯನು ತಾನೇ ವೇಗಗೊಳಿಸಿದ ಕಣದಿಂದ ಪರಮಾಣುವಿನ ಬೀಜವನ್ನು ಒಡೆದುದು ಅದೇ ಮೊದಲು. ೧೯೫೧ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು.

ಇಲ್ಲಿಯ ತೂಕದ ಲೆಕ್ಕವನ್ನು ದಯವಿಟ್ಟು ಗಮನಿಸಬೇಕು. ಒಡೆಯುವುದಕ್ಕೆ ಮುಂಚೆ ಲಿಥಿಯಮ್ಮಿನದು ೭.೦೧೬೦, ಜಲಜನಕದ್ದು ೧.೦೦೭೮, ಒಟ್ಟು ೮.೦೨೩೮. ಒಡೆದ ಮೇಲೆ ಹೀಲಿಯಮ್ಮಿನದು ಒಂದೊಂದು ೪.೦೦೨೬, ಎರಡಕ್ಕೂ ೮.೦೦೫೨. ಉಳಿದ ೦.೦೧೮೬ ಎಲ್ಲಿ ಹೋಯಿತು? ಆರ್ಫ್ವೆಡ್ಸನನ ತಕ್ಕಡಿಯ ಹಾಗೆಯೇ ಈ ಲೆಕ್ಕವೂ ಕೂಡಲಿಲ್ಲ. ಈ ಸಾರಿ ತಪ್ಪಿಸಿಕೊಂಡುದು ಮೂಲವಸ್ತುವಲ್ಲ. ಆ ತೂಕವೇ ಶಕ್ತಿಯಾಗಿ ಎರಡು ಹೀಲಿಯಂ ಬೀಜಗಳನ್ನು ದೂರ ಎಸೆದಿತ್ತು. ಅವುಗಳ ವೇಗವನ್ನು ಅಳೆದಾಗ, ೧೯೦೫ರಲ್ಲಿ ಐನ್‌ಸ್ಟೀನನು ಬರೆದಿಟ್ಟ ಸಮೀಕರಣದ ಲೆಕ್ಕಕ್ಕೆ ಅದು ಹೊಂದಿತು. ದ್ರವ್ಯವೂ ಶಕ್ತಿಯೂ ಒಂದೇ ಖಾತೆಯ ಎರಡು ಪುಟಗಳೆಂಬುದಕ್ಕೆ ಪ್ರಯೋಗದ ಸಾಕ್ಷ್ಯ ಈ ಹಗುರವಾದ ಲೋಹದಿಂದ ದೊರೆಯಿತು.

ಆರು ವರ್ಷಗಳ ಮೇಲೆ, ೧೯೩೮ರ ಕೊನೆಯಲ್ಲಿ, ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಮ್ಮಿನಿಂದ ಬೇರಿಯಂ ಹುಟ್ಟಿದುದನ್ನು ಕಂಡರು. ಲೀಸ್ ಮೈಟ್ನರ್ ಮತ್ತು ಫ್ರಿಷ್ ಅದು ಬೀಜದ ವಿದಳನವೆಂದು ಅರ್ಥವಿಸಿದರು. ಏಳು ವರ್ಷ ತುಂಬುವುದರೊಳಗಾಗಿ ಹಿರೋಷಿಮಾ, ನಾಗಸಾಕಿ ಪಟ್ಟಣಗಳು ಉರಿದುಹೋದವು. ಅದನ್ನು ಎಲ್ಲರೂ ಬಲ್ಲಿರಿ. ಲಿಥಿಯಮ್ಮಿಗೆ ಸಂಬಂಧಿಸಿದ ಇನ್ನೊಂದು ಘಟನೆ ಅಷ್ಟಾಗಿ ಪ್ರಸಿದ್ಧವಲ್ಲ.

೧೯೫೪ರ ಮಾರ್ಚಿ ೧ರಂದು ಅಮೆರಿಕೆಯವರು ಪೆಸಿಫಿಕ್ ಸಾಗರದ ಬಿಕಿನಿ ಎಂಬಲ್ಲಿ ಜಲಜನಕದ ಬಾಂಬೊಂದನ್ನು ಪರೀಕ್ಷಿಸಿದರು. ಅದರಲ್ಲಿ ಲಿಥಿಯಮ್ಮಿನ ಎರಡು ಬಗೆಗಳೂ ಇದ್ದವು. ಕೆಲಸಕ್ಕೆ ಬರುವುದು ೬ರ ತೂಕದ್ದು. ೭ರ ತೂಕದ್ದು ಸುಮ್ಮನೆ ಇದ್ದುಬಿಡುವುದೆಂದು ಲೆಕ್ಕ ಹಾಕಿದ್ದವರು ನಂಬಿದ್ದರು. ಸುಮಾರು ೬೦ ಲಕ್ಷ ಟನ್ನು ಸಿಡಿಮದ್ದಿನಷ್ಟು ಬಲವನ್ನು ನಿರೀಕ್ಷಿಸಿದ್ದರು. ೭ರ ತೂಕದ ಲಿಥಿಯಂ ಸುಮ್ಮನಿರಲಿಲ್ಲ. ವೇಗದ ನ್ಯೂಟ್ರಾನು ತಗುಲಿದಾಗ ಅದೂ ಒಡೆದು ಬೆಂಕಿಗೆ ಆಹಾರವನ್ನು ಒದಗಿಸಿತು. ಬಲವು ೧೫೦ ಲಕ್ಷ ಟನ್ನಿಗೆ ಏರಿತು. ವಿಷಭರಿತವಾದ ಬಿಳಿಯ ಬೂದಿ ರೊಂಗೆಲಾಪ್ ದ್ವೀಪದ ನಿವಾಸಿಗಳ ಮೇಲೂ, ಅಪಾಯದ ಗೆರೆಯ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನಿನ ಒಂದು ದೋಣಿಯ ಇಪ್ಪತ್ತಮೂರು ಜನರ ಮೇಲೂ ಸುರಿಯಿತು. ಆ ದೋಣಿಯಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದವನು ಅದೇ ವರ್ಷ ತೀರಿಕೊಂಡನು.

ಶ್ರೋತೃಗಳು ಇದನ್ನು ಕ್ಯಾವೆಂಡಿಷ್ ಪ್ರಯೋಗದೊಡನೆ ಹೋಲಿಸಿ ನೋಡಬೇಕು. ೧೯೩೨ರಲ್ಲಿ ಕೇಂಬ್ರಿಜ್ಜಿನಲ್ಲಿ ಒಡೆದುದೂ ೭ರ ತೂಕದ ಲಿಥಿಯಮ್ಮೇ. ಆ ಇಬ್ಬರು ಒಂದೊಂದು ಚುಕ್ಕೆಯನ್ನೂ ಕಣ್ಣಿಟ್ಟು ಎಣಿಸಿದರು. ಲೆಕ್ಕದಲ್ಲಿ ಉಳಿದ ಅತ್ಯಲ್ಪವಾದ ಅಂಶಕ್ಕೂ ಉತ್ತರ ಹುಡುಕಿದರು. ಇಪ್ಪತ್ತೆರಡು ವರ್ಷಗಳ ಮೇಲೆ ಅದೇ ಬೀಜವನ್ನು ಕುರಿತು, ಪೂರ್ತಿಯಾಗಿ ಅಳೆಯದೆಯೇ, ತಿಳಿದಿದೆಯೆಂದು ನಂಬಿದ್ದಾಯಿತು. ಬಾಂಬಿನ ನಿರ್ಮಾಣವೇ ಸರಿಯೋ ತಪ್ಪೋ ಎಂಬ ದೊಡ್ಡ ಪ್ರಶ್ನೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ಅರೆತಿಳಿವಿನ ಬೆಲೆಯನ್ನು ತೆತ್ತವರು ಲೆಕ್ಕ ಹಾಕಿದವರಾಗಿರಲಿಲ್ಲವೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಬಾಂಬುಗಳಿಗಾಗಿ ೬ರ ತೂಕದ ಲಿಥಿಯಮ್ಮನ್ನು ಬೇರ್ಪಡಿಸಿಕೊಂಡು ಉಳಿದುದನ್ನು ಮಾರುಕಟ್ಟೆಗೆ ಬಿಟ್ಟುದರಿಂದ, ಪ್ರಯೋಗಶಾಲೆಗಳ ಸೀಸೆಗಳಲ್ಲಿದ್ದ ಲಿಥಿಯಮ್ಮಿನ ತೂಕವೇ ಒಂದರಂತೆ ಒಂದಿಲ್ಲದಾಯಿತು. ಪ್ರಕೃತಿಯಲ್ಲಿ ದೊರೆಯುವುದರಲ್ಲಿಯೂ ಸ್ಥಳದಿಂದ ಸ್ಥಳಕ್ಕೆ ಸ್ವಲ್ಪ ವ್ಯತ್ಯಾಸವುಂಟು. ಆದುದರಿಂದ ಇಂದಿನ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಪರಮಾಣುಭಾರವನ್ನು ಒಂದೇ ಸಂಖ್ಯೆಯಾಗಿ ಕೊಡದೆ, ೬.೯೩೮ರಿಂದ ೬.೯೯೭ರವರೆಗೆ ಎಂದು ಎರಡು ಮೇರೆಗಳನ್ನು ಕೊಟ್ಟಿದ್ದಾರೆ. ಎಷ್ಟು ತಿಳಿದಿದೆಯೋ ಅಷ್ಟನ್ನೇ ಹೇಳುವ ಈ ಪದ್ಧತಿ ನನಗೆ ಬಹಳ ಗೌರವಾರ್ಹವಾಗಿ ಕಾಣುತ್ತದೆ.

ಬೀಜದೊಳಗಣ ಪ್ರೋಟಾನು ನ್ಯೂಟ್ರಾನುಗಳೂ ಕೊನೆಯವಲ್ಲ. ಅವುಗಳೊಳಗೆ ಕ್ವಾರ್ಕುಗಳೆಂಬ ಮೂರು ಮೂರು ಕಣಗಳಿರುವ ಸುಳಿವು ೧೯೬೮ರಿಂದ ಈಚೆಗೆ ಪ್ರಯೋಗಗಳಲ್ಲಿ ದೊರೆತಿದೆ. ಲ‌ಿಥಿಯಮ್ಮಿನ ಲೆಕ್ಕವಂತೂ ಇಂದಿಗೂ ಪೂರ್ತಿಯಾಗಿ ಕೂಡಿಲ್ಲ. ವಿಶ್ವದ ಆರಂಭದ ಕೆಲವು ನಿಮಿಷಗಳಲ್ಲಿ ಜಲಜನಕ, ಹೀಲಿಯಮ್ಮುಗಳೊಡನೆ ಸ್ವಲ್ಪ ಲಿಥಿಯಮ್ಮೂ ಹುಟ್ಟಿತೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಉಳಿದೆರಡರ ಪ್ರಮಾಣ ಲೆಕ್ಕಕ್ಕೆ ಸರಿಯಾಗಿ ಬರುತ್ತದೆ. ಅತಿ ಹಳೆಯ ನಕ್ಷತ್ರಗಳಲ್ಲಿ ಕಾಣುವ ಲಿಥಿಯಂ ಮಾತ್ರ ಗಣಿತ ಹೇಳುವುದರಲ್ಲಿ ಮೂರರಲ್ಲಿ ಒಂದರಷ್ಟೇ ಇದೆ. ತಪ್ಪು ನಕ್ಷತ್ರಗಳ ವಿಚಾರದಲ್ಲಿದೆಯೋ ಬೀಜಶಾಸ್ತ್ರದಲ್ಲಿದೆಯೋ ಇನ್ನೂ ಇತ್ಯರ್ಥವಾಗಿಲ್ಲ.

ಹೀಗಿರಲು ನಮ್ಮ ಮಂಡ್ಯ ಜಿಲ್ಲೆಯ ೧,೬೦೦ ಟನ್ನಿನ ವಿಷಯಕ್ಕೆ ಹಿಂದಿರುಗೋಣ. ಊಹಿಸಿದ ದರ್ಜೆ ಎಂದರೇನು? ನೆಲದ ಮೇಲಿನ ಕುರುಹುಗಳನ್ನೂ ಅಲ್ಲಲ್ಲಿ ಕೊರೆದು ತೆಗೆದ ಕೆಲವು ಮಾದರಿಗಳನ್ನೂ ಆಧರಿಸಿ, ನಡುವಣ ಕಾಣದ ನೆಲದಲ್ಲಿಯೂ ಹೀಗೆಯೇ ಇದ್ದೀತೆಂದು ಎಣಿಸಿದ ಲೆಕ್ಕ. ಮುಂದೆ ಇನ್ನಷ್ಟು ಕೊರೆದರೆ ಅದು ಏರಬಹುದು, ಇಳಿಯಲೂಬಹುದು. ಚಿಲಿ ದೇಶದ ಲಿಥಿಯಮ್ಮನ್ನು ೮೦ ಲಕ್ಷ ಟನ್ನಿಗೂ ಮೇಲೆಂದು ಎಣಿಸಿರುವರು. ಅದರ ಮುಂದೆ ನಮ್ಮದು ಅಲ್ಪವೇ ಸರಿ. ದೊಡ್ಡ ಸಂಖ್ಯೆಯನ್ನು ಕೇಳಿ ಹಿಗ್ಗಿದ ಊರಿನವರಿಗೆ ಸಣ್ಣ ಸಂಖ್ಯೆ ನಿರಾಶೆಯನ್ನು ತಂದಿದ್ದರೆ ಅದು ಸಹಜ. ಆದರೆ ಜಮೀನಿನ ಬೆಲೆ, ಕಾಲುವೆಯ ನೀರು, ಮಕ್ಕಳ ಉದ್ಯೋಗ ಇವೆಲ್ಲವನ್ನೂ ಒಂದು ಸಂಖ್ಯೆಯ ಮೇಲೆ ನಿಲ್ಲಿಸಬೇಕಾಗಿ ಬಂದಾಗ, ಆ ಸಂಖ್ಯೆ ಅಳೆದುದೋ ಊಹಿಸಿದುದೋ ಎಂದು ಕೇಳುವ ಅಧಿಕಾರವೂ ಕರ್ತವ್ಯವೂ ಅವರಿಗುಂಟು. ಕೇಳಿದವರಿಗೆ ನೇರವಾದ ಉತ್ತರ ದೊರೆಯಬೇಕಾದುದು ನ್ಯಾಯ. ಶಾಸ್ತ್ರಜ್ಞರ ಸಂಖ್ಯೆ ಬದಲಾಯಿತೆಂದು ಶಾಸ್ತ್ರವನ್ನೇ ಅವಿಶ್ವಾಸದಿಂದ ನೋಡುವುದು ಸಲ್ಲದು. ಎಂದಿಗೂ ಬದಲಾಗದ ಸಂಖ್ಯೆಯನ್ನು ಹೇಳುವವನಲ್ಲಿ ಸ್ವಲ್ಪ ಅವಿಶ್ವಾಸವಿಟ್ಟುಕೊಳ್ಳುವುದು ಮೇಲು.

ಮೇಲುಕೋಟೆಯ ಆಚಾರ್ಯರು ಕೇಳಿದ ಪ್ರಶ್ನೆಗೆ ಮಾರುತ್ತರವಾಗಿ ಇಂದಿನ ಶಾಸ್ತ್ರವು ಒಂದು ಮಾತನ್ನು ಹೇಳಬಲ್ಲದು: ಪರಮಾಣುವಿಗೆ ಭಾಗಗಳಿವೆ, ಒಂದು ಇನ್ನೊಂದನ್ನು ಕೂಡುವುದು ಆ ಭಾಗಗಳ ಮೂಲಕವೇ. ಪರಮಾಣು ಎಂಬ ಹೆಸರನ್ನು ನಾವು ಉಳಿಸಿಕೊಂಡಿದ್ದೇವೆ. ಅದರ ಅರ್ಥವನ್ನು ಡಾಲ್ಟನ್ನನಿಂದ ಈಚೆಗೆ ಎಷ್ಟು ಸಾರಿ ತಿದ್ದಿದ್ದೇವೆಂಬುದನ್ನು ಈ ಹೊತ್ತು ನೀವು ಕೇಳಿದಿರಿ. ಇನ್ನೂ ಎಷ್ಟು ಸಾರಿ ತಿದ್ದಬೇಕಾಗಿದೆಯೋ, ಅದನ್ನು ಮುಂದಿನವರ ತಕ್ಕಡಿ ಹೇಳಬೇಕು.